ಮೊದಲ ಬಹುಮಾನಕ್ಕೆ ಬಿದ್ದ ಹಾರ

ನಮ್ಮ ಎದುರು ಮನೆಯ ಹುಡುಗಿಗೆ ಹೋದ ತಿಂಗಳು ಕೆಲಸ ಸಿಕ್ಕಿತು. ಸ್ವೀಟ್ ಬಾಕ್ಸ್ ಹಿಡಿದು ಬಂದವಳನ್ನು ಏನಮ್ಮಾ ಕೆಲಸ ಎಂದು ಕೇಳಿದೆ. "ಕಂಪನೀಲಿರೋರನ್ನೆಲ್ಲ ಖುಷಿಯಾಗಿ ಇಡೋದು ಅಂಕಲ್, ಅಷ್ಟೇ" ಅಂದಳು. ಆ ಕೆಲಸವನ್ನು ನಾನೂ ಮಾಡಿದ್ದೇನೆ. ನಮ್ಮ ಕಾಲದಲ್ಲಿ ಅದಕ್ಕೆ ವೆಲ್‌ಫೇರ್ ಅನ್ನುತ್ತಿದ್ದರು. ರಾಜಾಜಿನಗರದ ಕೈಗಾರಿಕಾ ಪ್ರದೇಶದಲ್ಲಿ ಪಂಪು, ವಾಲ್ವು ಮಾಡುವ ನಮ್ಮ ಕಾರ್ಖಾನೆಯಲ್ಲಿ ಕ್ಯಾಂಟೀನಿನ ಸಾಂಬಾರು ನೀರಾದರೂ ನಾನೇ, ಕಕ್ಕಸಿನ ನಲ್ಲಿ ಕಿತ್ತುಹೋದರೂ ನಾನೇ, ಗಂಡ ಸಂಬಳ ಮನೆಗೆ ಕೊಡುತ್ತಿಲ್ಲ ಎಂದು ಹೆಂಡತಿ ಗೇಟಿನ ಹತ್ತಿರ ಬಂದು ಕೂತರೂ ನಾನೇ. ಖುಷಿಯಾಗಿ ಇಡುವ ಭಾಗ ಇದರಲ್ಲಿ ಎಲ್ಲಿತ್ತು ಎಂದು ಹುಡುಗಿ ಕೇಳಿದಳು. ಇತ್ತಮ್ಮಾ, ಫೋಟೋ ಸ್ಪರ್ಧೆ ಇತ್ತು ಎಂದೆ.

ನನಗೆ ಎಷ್ಟು ಬಡ್ತಿ ಸಿಕ್ಕಿತು, ಯಾವಾಗ ಸಿಕ್ಕಿತು ಅನ್ನುವುದನ್ನೆಲ್ಲ ಇಲ್ಲಿ ಬರೆಯುವುದಿಲ್ಲ. ನನ್ನ ಹೆಂಡತಿಗೇ ಅದು ನೆನಪಿಲ್ಲ. ಆದರೆ ಈ ಕೆಲಸಕ್ಕೆ ಹೊಸದಾಗಿ ಸೇರುವವರು ಫೋಟೋ ಸ್ಪರ್ಧೆಯ ಕಥೆ ಕೇಳಲೇಬೇಕು. ನೌಕರರನ್ನು ಖುಷಿಪಡಿಸಲು ಹೊರಟರೆ ಎಲ್ಲೆಲ್ಲಿಗೆ ಹೋಗಿ ಮುಟ್ಟಬಹುದು ಅನ್ನುವುದು ಅದರಿಂದ ತಿಳಿಯುತ್ತದೆ.

ಎಪ್ಪತ್ತರ ದಶಕದ ಮಾತು. ನಮ್ಮ ಮ್ಯಾನೇಜಿಂಗ್ ಡೈರೆಕ್ಟರು ಬಹಳ ವರ್ಷ ಹೊರದೇಶದಲ್ಲಿದ್ದು ಬಂದವರು. ಒಳ್ಳೆಯ ಮನುಷ್ಯ. ಅಲ್ಲಿಯ ಕಾರ್ಖಾನೆಗಳಲ್ಲಿ ಕೆಲಸಗಾರರು ಚಿತ್ರ ಬರೆಯುತ್ತಾರೆ, ಫೋಟೋ ತೆಗೆಯುತ್ತಾರೆ, ನಮ್ಮಲ್ಲಿ ಇಸ್ಪೀಟು ಬಿಟ್ಟರೆ ಬೇರೆ ಕಲೆ ಇಲ್ಲವೇ ಎಂದು ಒಂದು ದಿನ ಮೀಟಿಂಗಿನಲ್ಲಿ ಕೇಳಿದರು. ಎಲ್ಲರೂ ನನ್ನ ಕಡೆ ತಿರುಗಿದರು. ಹೀಗೆ ಹವ್ಯಾಸಿ ಛಾಯಾಚಿತ್ರ ಸ್ಪರ್ಧೆ ನನ್ನ ತಲೆಗೆ ಬಂತು. ಅಲ್ಲಿಯವರೆಗೆ ನಾನು ಕ್ಯಾಮೆರಾ ಮುಟ್ಟಿದವನಲ್ಲ. ನನ್ನ ಮದುವೆಯ ಫೋಟೋದಲ್ಲೂ ನನ್ನ ಕಣ್ಣು ಮುಚ್ಚಿಕೊಂಡಿದೆ.

ನಮ್ಮ ಪರ್ಸೊನೆಲ್ ಮ್ಯಾನೇಜರು ಅನಂತಸ್ವಾಮಿಯವರು. ಸುತ್ತೋಲೆ ಹೊರಡಿಸದೆ ಅವರು ಸೀನುವುದೂ ಇಲ್ಲ ಎಂದು ಆಫೀಸಿನಲ್ಲಿ ಆಡಿಕೊಳ್ಳುತ್ತಿದ್ದರು. "ಶೇಷಾದ್ರಿ, ರೂಲ್ಸು ಬರ್ಕೊಂಡ್ ಬನ್ನಿ, ಆಮೇಲೆ ಸ್ಪರ್ಧೆ" ಅಂದರು. ನಾನು ಅರ್ಧ ಪುಟ ಬರೆದುಕೊಂಡು ಹೋದೆ. ಅವರು ಅದನ್ನು ಮೂರು ಪುಟ ಮಾಡಿದರು. ಫೋಟೋ ಸಭ್ಯವಾಗಿರತಕ್ಕದ್ದು, ಕಂಪನಿಗೆ ಅಗೌರವ ತರತಕ್ಕದ್ದಲ್ಲ, ಕೆಲಸದ ಸಮಯದಲ್ಲಿ ತೆಗೆಯತಕ್ಕದ್ದಲ್ಲ. ಫೋಟೋವನ್ನು ಸ್ಪರ್ಧಿಯೇ ತೆಗೆದಿರಬೇಕು ಅನ್ನುವ ಮುಖ್ಯವಾದ ನಿಯಮವನ್ನು ಮಾತ್ರ ಇಬ್ಬರೂ ಮರೆತೆವು.

ಅದರ ಫಲ ಮೊದಲ ವರ್ಷವೇ ಸಿಕ್ಕಿತು. ಮೋಲ್ಡಿಂಗ್ ಶಾಪಿನ ಒಬ್ಬ ತಾನು ಸ್ಟುಡಿಯೋದಲ್ಲಿ ಬಣ್ಣದ ಪರದೆ ಮುಂದೆ ಸೂಟು ಹಾಕಿಕೊಂಡು ನಿಂತ ಫೋಟೋ ಕೊಟ್ಟ. ತೆಗೆದವರು ಯಾರಪ್ಪಾ ಎಂದರೆ, "ನಾನೇ ಸಾರ್ ತೆಗೆಸಿದ್ದು, ಕಾಸು ನಂದೇ" ಎಂದ. ಇನ್ನೊಬ್ಬ ಮಗುವಿನ ನಾಮಕರಣದ ಫೋಟೋ ಕೊಟ್ಟು, ಮೊದಲ ಬಹುಮಾನ ಬರದಿದ್ದರೆ ಮಗುವಿನ ಅಜ್ಜಿ ಬೇಜಾರು ಮಾಡಿಕೊಳ್ಳುತ್ತಾರೆ ಎಂದು ಮೊದಲೇ ಎಚ್ಚರಿಸಿದ. ಕ್ಯಾಮೆರಾ ಇದ್ದವರೇ ಕಡಿಮೆ. ನಾಲ್ಕೈದು ಜನ ಸೇರಿ ಒಂದು ಡಬ್ಬಿ ಕ್ಯಾಮೆರಾ ಎರವಲು ತಂದು, ಒಂದೇ ರೀಲನ್ನು ಪಾಲು ಮಾಡಿಕೊಂಡು, ಭಾನುವಾರ ಲಾಲ್‌ಬಾಗಿಗೆ ಹೋಗಿ ಒಂದೇ ಗುಲಾಬಿಯ ಫೋಟೋವನ್ನು ಸರದಿಯ ಮೇಲೆ ತೆಗೆದುಕೊಂಡು ಬಂದಿದ್ದರು. ತೀರ್ಪು ಕೊಡಲು ಬಂದ ರಾಜಾಜಿನಗರದ ಸ್ಟುಡಿಯೋ ಯಜಮಾನರು ಆ ಗುಲಾಬಿಗಳ ಮುಂದೆ ಬಹಳ ಹೊತ್ತು ನಿಂತಿದ್ದು, "ಹೂವಿಗೇ ಬಹುಮಾನ ಕೊಟ್ಬಿಡಿ ಸಾರ್" ಅಂದರು.

ಆ ವರ್ಷದ ಆಯುಧಪೂಜೆಗೆ ಕೆಲಸಗಾರರ ಮನೆಯವರೆಲ್ಲ ಕಾರ್ಖಾನೆಗೆ ಬಂದಿದ್ದರು. ಯಂತ್ರಗಳಿಗೆ ಅರಿಶಿನ, ಕುಂಕುಮ, ಬಾಳೆಕಂದು, ಬೂದುಗುಂಬಳಕಾಯಿ ಎಲ್ಲ ಆದ ಮೇಲೆ ಪ್ರತಿ ಶಾಪಿನವರೂ ಗುಂಪಾಗಿ ನಿಂತು ಫೋಟೋ ತೆಗೆಸಿಕೊಳ್ಳುವುದು ವಾಡಿಕೆ. ನಾನು ಕುರ್ಚಿ ಹಾಕಿಸುತ್ತಿದ್ದಾಗ ಒಬ್ಬ ಹೆಂಗಸು ಪಕ್ಕಕ್ಕೆ ಬಂದು ನಿಂತರು. ಕೈಯಲ್ಲಿ ಪೂಜೆಯಲ್ಲಿ ಹಂಚಿದ ಚರುಪಿನ ಪೊಟ್ಟಣ.

"ಫೋಟೋ ಸಾಹೇಬ್ರು ಅಂದ್ರೆ ನೀವೇನಾ?"

ಹೌದಮ್ಮಾ ಎಂದೆ. ಆ ಹೆಸರು ಆಗಲೇ ನನಗೆ ಅಂಟಿತ್ತು.

"ನಾನು ಟೂಲ್ ರೂಮಿನ ಪುಟ್ಟಸ್ವಾಮಯ್ಯನವರ ಮನೆಯವಳು, ಗೌರಮ್ಮ ಅಂತ. ಹೇಗಾದ್ರೂ ಮಾಡಿ ಅವರ್ನ ಒಂದ್ಸಲ ನಿಲ್ಸಿ ಸಾರ್. ಅವರೂ ನಾನೂ ಇರೋದು ಒಂದು ಫೋಟೋ ಸಾಕು. ಮದ್ವೇಲೂ ತೆಗೆಸ್ಲಿಲ್ಲ, ಮಗಳ ಮದ್ವೇಲಿ ಕಂಬದ ಹಿಂದೆ ನಿಂತ್ಕೊಂಡ್ರು. ಯಾರಾದ್ರೂ ಬಂದೋರು ನಿಮ್ಮ ಯಜಮಾನ್ರು ಹೇಗಿದಾರೆ ಅಂದ್ರೆ ತೋರ್ಸೋಕೆ ಒಂದು ಚೂರೂ ಇಲ್ಲ."

ಪುಟ್ಟಸ್ವಾಮಯ್ಯ ಟೂಲ್ ರೂಮಿನ ಫೋರ್‌ಮನ್. ಕೂದಲೆಳೆಯಷ್ಟು ಅಳತೆ ತಪ್ಪಿದರೂ ಮಾಡಿದ ಕೆಲಸವನ್ನು ಡಬ್ಬಕ್ಕೆ ಎಸೆದು "ರಿಜೆಕ್ಟ್" ಎಂದು ಕೂಗುವ ಮನುಷ್ಯ. ಅವರ ಆ ಒಂದು ಪದ ಕೇಳಿ ಇಡೀ ಮೆಷಿನ್ ಶಾಪು ಬೆವರುತ್ತಿತ್ತು. ಅಂಥವರಿಗೆ ಕ್ಯಾಮೆರಾ ಕಂಡರೆ ಮಾತ್ರ ಭಯ. ಅವರ ತಂದೆ ಮೈಸೂರಿಗೆ ಹೋಗಿ ಫೋಟೋ ತೆಗೆಸಿಕೊಂಡು ಬಂದ ವರ್ಷವೇ ತೀರಿಕೊಂಡರಂತೆ. ಫೋಟೋ ತೆಗೆಸಿದರೆ ಆಯುಸ್ಸು ಕಡಿಮೆಯಾಗುತ್ತದೆ ಅನ್ನುವುದು ಆಗ ಬಹಳ ಜನ ಹಿರಿಯರು ಹೇಳುತ್ತಿದ್ದ ಮಾತೇ. ಪುಟ್ಟಸ್ವಾಮಯ್ಯನವರಿಗೆ ಅದು ಕಣ್ಣಾರೆ ಕಂಡ ಸತ್ಯವಾಗಿಬಿಟ್ಟಿತ್ತು. ಆವತ್ತೂ ಹುಡುಕಿಸಿದೆ. ಟೂಲ್ ರೂಮಿನವರು ಸಾಲಾಗಿ ನಿಂತಿದ್ದರು, ನಡುವಿನ ಕುರ್ಚಿ ಖಾಲಿ. ಫೋರ್‌ಮನ್ನರು ಕ್ಯಾಂಟೀನಿನ ಹಿಂದೆ ಸೌದೆ ರಾಶಿಯ ಮರೆಯಲ್ಲಿ ಕೂತು ಪುಳಿಯೋಗರೆ ತಿನ್ನುತ್ತಿದ್ದರು. ಗೌರಮ್ಮ ಖಾಲಿ ಕುರ್ಚಿ ನೋಡಿ, ಚರುಪಿನ ಪೊಟ್ಟಣ ನನ್ನ ಕೈಗೆ ಕೊಟ್ಟು ಹೋದರು. ನನಗೆ ಪಾಪ ಅನ್ನಿಸಿತು. ಏನಾದರೂ ಮಾಡಿ ಆ ಹೆಣ್ಣುಮಗಳಿಗೆ ಒಂದು ಫೋಟೋ ಮಾಡಿಸಿಕೊಡಬೇಕು ಎಂದು ಆವತ್ತೇ ಮನಸ್ಸಿನಲ್ಲಿ ಅಂದುಕೊಂಡೆ.

ಎರಡನೇ ವರ್ಷದ ಸ್ಪರ್ಧೆಗೆ "ದುಡಿಮೆ" ಅನ್ನುವ ವಿಷಯ ಕೊಟ್ಟೆವು. ಕೊಟ್ಟ ಮೇಲೆ ನೆನಪಾಯಿತು, ಕಾರ್ಖಾನೆಯೊಳಗೆ ಕ್ಯಾಮೆರಾ ತರುವ ಹಾಗಿಲ್ಲ. ದುಡಿಮೆಯ ಫೋಟೋ ಬೇಕು, ದುಡಿಯುವ ಜಾಗಕ್ಕೆ ಕ್ಯಾಮೆರಾ ಬೇಡ. ಅನಂತಸ್ವಾಮಿಯವರು ಒಂದು ಸುತ್ತೋಲೆ ಹೊರಡಿಸಿ, ಒಂದು ಶನಿವಾರ ಮಾತ್ರ, ಗೇಟಿನಲ್ಲಿ ಚೀಟಿ ಪಡೆದು ಕ್ಯಾಮೆರಾ ತರಬಹುದು, ಮಧ್ಯಾಹ್ನದ ಊಟದ ಸೈರನ್ನಿಗೆ ವಾಪಸು ಗೇಟಿಗೆ ಒಪ್ಪಿಸತಕ್ಕದ್ದು ಎಂದರು.

ಆ ಶನಿವಾರ ಕಾರ್ಖಾನೆಯನ್ನು ನೋಡಬೇಕಿತ್ತು. ಎಣ್ಣೆ ಮೆತ್ತಿದ ಖಾಕಿಯಲ್ಲಿ ಬರುವವರೆಲ್ಲ ಇಸ್ತ್ರಿ ಮಾಡಿದ ಬಿಳಿ ಶರ್ಟು ಹಾಕಿ, ತಲೆ ಬಾಚಿ, ಮುಖಕ್ಕೆ ಪೌಡರು ಬಳಿದುಕೊಂಡು ಬಂದಿದ್ದರು. ಕ್ಯಾಮೆರಾ ಹತ್ತಿರ ಬಂದ ಕೂಡಲೇ ಲೇತನ್ನು ನಿಲ್ಲಿಸಿ, ಕೈ ಕಟ್ಟಿಕೊಂಡು, ಅದರ ಪಕ್ಕ ಅಟೆನ್ಷನ್ನಿನಲ್ಲಿ ನಿಲ್ಲುತ್ತಿದ್ದರು. ದುಡಿಮೆಯ ಫೋಟೋಗೋಸ್ಕರ ಇಡೀ ಬೆಳಿಗ್ಗೆ ಯಾರೂ ದುಡಿಯಲಿಲ್ಲ. ಪುಟ್ಟಸ್ವಾಮಯ್ಯ ಟೂಲ್ ರೂಮಿನ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿಕೊಂಡು, ಊಟದ ಸೈರನ್ ಆದ ಮೇಲೆ ತೆಗೆದರು.

ಅವರು ನಂಬಿದ್ದು ಸೈರನ್ನನ್ನು. ಗೋವಿಂದರಾಜು ಅನ್ನುವ ಲೇತ್ ಟರ್ನರ್ ಒಬ್ಬ ಇದ್ದ. ವಿಜಯನಗರದವನು, ಮಾತು ಕಡಿಮೆ, ಕಣ್ಣು ಚುರುಕು. ಎರವಲು ಕ್ಯಾಮೆರಾವನ್ನು ಗೇಟಿಗೆ ಒಪ್ಪಿಸಲು ಹೊರಟವನು ಟೂಲ್ ರೂಮಿನ ಕಿಟಕಿ ಹತ್ತಿರ ನಿಂತ. ಒಳಗೆ ಪುಟ್ಟಸ್ವಾಮಯ್ಯ ಕನ್ನಡಕವನ್ನು ಹಣೆಗೇರಿಸಿ, ಬೆಳಕಿಗೆ ಮೈಕ್ರೋಮೀಟರ್ ಹಿಡಿದು, ಒಂದು ಕಣ್ಣು ಮುಚ್ಚಿ ನೋಡುತ್ತಿದ್ದರು. ರೀಲಿನಲ್ಲಿ ಉಳಿದಿದ್ದು ಒಂದೇ. ಒತ್ತಿಯೇಬಿಟ್ಟ.

ಸ್ಟುಡಿಯೋ ಯಜಮಾನರು ಈ ಸಲ ಯಾವ ಗುಲಾಬಿಯ ಮುಂದೆಯೂ ನಿಲ್ಲಲಿಲ್ಲ. ನೇರ ಆ ಫೋಟೋ ಹತ್ತಿರ ಹೋಗಿ, "ಇದು ಸಾರ್ ಫೋಟೋ" ಅಂದರು. ನನಗೆ ಖುಷಿಗಿಂತ ಹೆದರಿಕೆಯೇ ಹೆಚ್ಚಾಯಿತು. ಪುಟ್ಟಸ್ವಾಮಯ್ಯ ಜ್ವರ ಎಂದು ಒಂದು ವಾರದಿಂದ ರಜೆಯಲ್ಲಿದ್ದರು. ಬಂದು ನೋಡಿದರೆ ಫೋಟೋವನ್ನೂ ನನ್ನನ್ನೂ ಒಟ್ಟಿಗೇ ಡಬ್ಬಕ್ಕೆ ಎಸೆಯುತ್ತಾರೆ. ಅವರು ಬರುವುದರೊಳಗೆ ಒಂದು ಪ್ರತಿಯನ್ನು ಗುಟ್ಟಾಗಿ ಗೌರಮ್ಮನವರಿಗೆ ಮುಟ್ಟಿಸಿಬಿಡಬೇಕು ಎಂದು ಲೆಕ್ಕ ಹಾಕಿದೆ.

ಪ್ರದರ್ಶನ ಕ್ಯಾಂಟೀನ್ ಹಾಲಿನಲ್ಲಿ. ಮೊದಲ ಬಹುಮಾನದ ಫೋಟೋವನ್ನು ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ, ನಡುವೆ ಒಂದು ಮೇಜಿನ ಮೇಲೆ ನಿಲ್ಲಿಸಿದ್ದೆ. ಪಕ್ಕದಲ್ಲಿ ಉದ್ಘಾಟನೆಯ ದೀಪದ ಕಂಬ. ಕ್ಯಾಂಟೀನಿನವರು ಒಳ್ಳೆಯ ಮನಸ್ಸಿನಿಂದ ಒಂದು ಹಿಡಿ ಊದುಬತ್ತಿಯನ್ನೂ ಹಚ್ಚಿಟ್ಟಿದ್ದರು. ಎಂ.ಡಿ. ಬಂದರು, ದೀಪ ಹಚ್ಚಿದರು. ನಾನು ಅವರಿಗೆ ಗುಲಾಬಿ, ಸುಗಂಧರಾಜದ ದಪ್ಪ ಹಾರ ಹಾಕಿದೆ. ಗೋವಿಂದರಾಜುವಿಗೆ ಬಹುಮಾನವಾಗಿ ಒಂದು ಹೊಸ ಕ್ಯಾಮೆರಾ ಕೊಟ್ಟು, ಫೋಟೋದ ಮುಂದೆ ನಿಂತು ನೋಡಿದರು. ಅವರಿಗೆ ಮನಸ್ಸು ತುಂಬಿ ಬಂತು.

"ಈ ಗೌರವ ನನಗೆ ಸಲ್ಲಬೇಕಾದ್ದಲ್ಲ" ಎಂದು ತಮ್ಮ ಕೊರಳಿನ ಹಾರ ತೆಗೆದು ಫೋಟೋಗೆ ಹಾಕಿಬಿಟ್ಟರು.

ಹಾಲಿನಲ್ಲಿದ್ದ ಹತ್ತಿಪ್ಪತ್ತು ಜನ ಆಫೀಸರುಗಳು ಒಂದು ಕ್ಷಣ ಉಸಿರು ಹಿಡಿದರು. ಬದುಕಿರುವ ಮನುಷ್ಯನ ಫೋಟೋಗೆ ಹಾರ, ಮುಂದೆ ದೀಪ, ಊದುಬತ್ತಿ. ಇದು ಎಂ.ಡಿ.ಗೆ ಹೊಳೆಯಲಿಲ್ಲ, ನಮ್ಮ ಬಾಯಿಗೆ ಬರಲಿಲ್ಲ. ಒಬ್ಬರು ಚಪ್ಪಾಳೆ ತಟ್ಟಿದರು, ಉಳಿದವರೂ ತಟ್ಟಿದೆವು. ಎಂ.ಡಿ. ಕಾರು ಹತ್ತಿ ಮದ್ರಾಸಿಗೆ ಹೊರಟರು, ಅವರ ಹಿಂದೆಯೇ ಆಫೀಸರುಗಳೂ ಮನೆಗೆ ಜಾರಿಕೊಂಡರು. ಅವರು ಹಾಕಿದ ಹಾರವನ್ನು ತೆಗೆಯುವ ಧೈರ್ಯ ಯಾರಿಗಿದೆ? ಸಂಜೆ ಬಾಡಿದ ಮೇಲೆ ತೆಗೆದರಾಯಿತು ಎಂದು ನಾನು ಸ್ಟುಡಿಯೋ ಯಜಮಾನರನ್ನು ಬಿಟ್ಟುಬರಲು ಹೊರಟೆ. ಕ್ಯಾಮೆರಾಗೆ ರೀಲು ಹಾಕಿಸಬೇಕು ಸಾರ್ ಎಂದು ಗೋವಿಂದರಾಜುವೂ ನಮ್ಮ ಜೊತೆ ಬಂದ.

ಆ ಹೊತ್ತಿಗೆ ಶಿಫ್ಟು ಬದಲಾಯಿತು. ಎರಡನೇ ಶಿಫ್ಟಿನವರು ಕ್ಯಾಂಟೀನಿಗೆ ಟೀಗೆ ಬಂದರು. ವಾರದಿಂದ ಜ್ವರದಲ್ಲಿದ್ದ ಫೋರ್‌ಮನ್ನರ ಫೋಟೋ, ಹಾರ, ಉರಿಯುವ ದೀಪ, ಹೊಗೆಯಾಡುವ ಊದುಬತ್ತಿ ಅವರ ಕಣ್ಣಿಗೆ ಬಿತ್ತು. "ಮೊದಲ ಬಹುಮಾನ" ಅನ್ನುವ ಚೀಟಿ ಹಾರದ ಹಿಂದೆ ಮುಚ್ಚಿಹೋಗಿತ್ತು. ಅದೂ ಅಲ್ಲದೆ, ಬದುಕಿದ್ದಾಗ ಫೋಟೋ ತೆಗೆಸಿಕೊಳ್ಳದ ಮನುಷ್ಯನ ಫೋಟೋ ಬಂದಿದೆ ಅಂದರೆ ಇನ್ನು ಅನುಮಾನವೇನು?

ಕಾರ್ಮಿಕ ಸಂಘದ ಕಾರ್ಯದರ್ಶಿ ಚಿಕ್ಕಣ್ಣ ಅದೇ ಶಿಫ್ಟಿನವನು. ಹಾರ ಯಾರು ಹಾಕಿದ್ದು ಎಂದು ಕ್ಯಾಂಟೀನಿನವರನ್ನು ಕೇಳಿದ. ಎಂ.ಡಿ. ಸಾಹೇಬ್ರೇ ಅಂದರು. ಎಂ.ಡಿ.ಯೇ ಬಂದು ಹಾರ ಹಾಕಿದ ಮೇಲೆ ಇನ್ನು ಕೇಳುವುದೇನಿದೆ ಎಂದು ಅವನು ಅನಂತಸ್ವಾಮಿಯವರ ಹತ್ತಿರ ಹೋಗಿ ರಜೆ ಕೇಳಿದ. ಫೋಟೋ ಸ್ಪರ್ಧೆ ದಂಡದ ಕೆಲಸ ಎಂದು ಉದ್ಘಾಟನೆಗೇ ಬಂದಿರದ ಅನಂತಸ್ವಾಮಿಯವರು, ಸಂಘದವರಿಗೆ ಖಚಿತವಾಗಿ ಗೊತ್ತಿರಬೇಕು ಎಂದು ನಂಬಿದರು. ಮ್ಯಾನೇಜ್‌ಮೆಂಟಿಗೆ ಖಚಿತವಾಗಿ ಗೊತ್ತು ಎಂದು ಸಂಘದವರು ನಂಬಿದರು. ಮನೆಗೊಂದು ಮಾತು ಕೇಳಿ ಕಳಿಸೋಣ ಎಂದು ಒಬ್ಬರಿಗೂ ತೋಚಲಿಲ್ಲ. ಎರಡು ನಿಮಿಷ ಮೌನ ಆಯಿತು. ಸುತ್ತೋಲೆ ಟೈಪಾಯಿತು.

ನಾವು ವಾಪಸು ಬಂದಾಗ ಕಾರ್ಖಾನೆಯಲ್ಲಿ ಒಂದು ಯಂತ್ರದ ಸದ್ದೂ ಇಲ್ಲ. ನೋಟೀಸ್ ಬೋರ್ಡಿನ ಮೇಲೆ "ದಿವಂಗತ ಶ್ರೀ ಪುಟ್ಟಸ್ವಾಮಯ್ಯನವರ ಅಕಾಲ ನಿಧನಕ್ಕೆ" ಎಂದು ಓದಿದ ಗೋವಿಂದರಾಜು ನನ್ನ ತೋಳು ಹಿಡಿದುಕೊಂಡ.

"ಸಾರ್, ನಾನೇ ಸಾಯ್ಸಿಬಿಟ್ನಲ್ಲ ಸಾರ್. ಫೋಟೋ ತೆಗೀಬೇಡಿ ಅಂತಿದ್ರು."

"ಸುಮ್ನಿರೋ" ಎಂದೆ. ಕ್ಯಾಂಟೀನಿಗೆ ಓಡಿದೆ. ಮೇಜು ಖಾಲಿ. ಫೋಟೋ, ಹಾರ ಎರಡೂ ಕಂಪನಿ ಬಸ್ಸಿನ ಮುಂಭಾಗಕ್ಕೆ ಕಟ್ಟಿಸಿಕೊಂಡು ಕೆಂಗೇರಿಗೆ ಹೊರಟುಹೋಗಿದ್ದವು. ಪುಟ್ಟಸ್ವಾಮಯ್ಯನವರ ಮನೆ ಹಳೇ ಕೆಂಗೇರಿಯಲ್ಲಿ. ಜ್ವರದ ಮನುಷ್ಯ ತನ್ನ ಫೋಟೋಗೆ ಹಾರ ಹಾಕಿದ್ದನ್ನು ತಾನೇ ನೋಡಿದರೆ ಏನಾದೀತು? ಗೌರಮ್ಮ ನೋಡಿದರೆ?

ಗೋವಿಂದರಾಜುವನ್ನು ಹಿಂದೆ ಕೂರಿಸಿಕೊಂಡು ಸ್ಕೂಟರ್ ಹೊಡೆದೆ. ವಿಜಯನಗರ ದಾಟಿ ಮೈಸೂರು ರಸ್ತೆಗೆ ಬಂದು, ನಾಯಂಡಹಳ್ಳಿ ಹತ್ತಿರ ಗಾಡಿ ನಿಂತಿತು. ಪೆಟ್ರೋಲು ತಳ ಹಿಡಿದಿತ್ತು. ಇಬ್ಬರೂ ಸೇರಿ ಸ್ಕೂಟರನ್ನು ಪಕ್ಕಕ್ಕೆ ಮಲಗಿಸಿ, ಎಬ್ಬಿಸಿ, ಒದ್ದು ಮತ್ತೆ ಹೊರಟೆವು. ಕೆಂಗೇರಿ ಉಪನಗರ ಆಗ ಇನ್ನೂ ಗಡಿಕಲ್ಲು ನೆಟ್ಟ ಸೈಟುಗಳ ಬಯಲು. ಅದರ ಆಚೆ ಊರಿನ ಹತ್ತಿರ ಬಸ್ಸು ನಿಂತಿತ್ತು, ಒಳಗೆ ಯಾರೂ ಇಲ್ಲ. ಹೂವಿನಂಗಡಿಯವನು, ಎಲ್ಲಾ ಹೂ ಖಾಲಿ ಸ್ವಾಮಿ, ಯಾರೋ ದೊಡ್ಡೋರು ಹೋದ್ರಂತೆ ಎಂದ.

ಬೀದಿಗೆ ತಿರುಗಿದಾಗ ಮೆರವಣಿಗೆಯ ಹಿಂಭಾಗ ಕಂಡಿತು. "ಪುಟ್ಟಸ್ವಾಮಯ್ಯನವರು" ಎಂದು ಚಿಕ್ಕಣ್ಣ ಕೂಗುತ್ತಿದ್ದ. "ಅಮರ್ ರಹೇ" ಎಂದು ಉಳಿದವರು. ಇಷ್ಟು ವರ್ಷ ಅವರಿಂದ ಬೈಸಿಕೊಂಡಿದ್ದವರೇ ಕಣ್ಣೊರೆಸಿಕೊಳ್ಳುತ್ತಿದ್ದರು. ಒಬ್ಬ ಮುಂದಾಲೋಚನೆಯಿಂದ ಒಂದು ಹೊಸ ಮಡಕೆಯನ್ನೂ ಕೊಂಡು ತಂದಿದ್ದ. ಎದುರಿನಿಂದ ಗೌರಮ್ಮ ಬರುತ್ತಿದ್ದರು. ಮಿಲ್ಲಿನಲ್ಲಿ ರಾಗಿ ಬೀಸಿಸಿಕೊಂಡು, ಹಿಟ್ಟಿನ ಡಬ್ಬ ಸೊಂಟದ ಮೇಲೆ. ಗುಂಪಿನ ಮುಂದೆ ಚಿಕ್ಕಣ್ಣ ಎದೆಗೆ ಹಿಡಿದುಕೊಂಡಿದ್ದ ಫೋಟೋವನ್ನು ಅವರು ನೋಡಿದರು. ಡಬ್ಬ ಕೈಜಾರಿ ಹಿಟ್ಟೆಲ್ಲ ಬೀದಿಗೆ ಬಿತ್ತು. ಆ ತಾಯಿ ಮನೆಯ ಕಡೆ ಓಡಿದರು.

ಅಷ್ಟರಲ್ಲಿ ಮನೆಯ ಬಾಗಿಲು ತೆರೆಯಿತು. ಮಂಕಿ ಕ್ಯಾಪು, ಹೊದ್ದ ಕಂಬಳಿ, ಕೈಯಲ್ಲಿ ಕಷಾಯದ ಲೋಟ. ದಿವಂಗತರು ಜಗುಲಿಗೆ ಬಂದು ನಿಂತರು.

"ಏನ್ರೋ ಇದು ಗಲಾಟೆ? ಲೇ ಚಿಕ್ಕಣ್ಣ, ನಿಂದು ಸೆಕೆಂಡ್ ಶಿಫ್ಟ್ ತಾನೆ? ಎಲ್ರೂ ಇಲ್ಲಿದೀರಿ, ಮೆಷಿನ್ ಹತ್ರ ಯಾರಿದಾರೆ?"

ಹಿಂದಿನಿಂದ ಯಾರೋ ಅಭ್ಯಾಸಬಲದಿಂದ "ಜಿಂದಾಬಾದ್" ಎಂದ. ಮಡಕೆ ತಂದವನು ಅದನ್ನು ಬೆನ್ನ ಹಿಂದೆ ಮುಚ್ಚಿಟ್ಟುಕೊಂಡ. ಗೌರಮ್ಮ ಗಂಡನನ್ನು ಒಮ್ಮೆ ಮೇಲಿನಿಂದ ಕೆಳಗಿನವರೆಗೆ ನೋಡಿ, ಜಗುಲಿಯ ಮೆಟ್ಟಿಲ ಮೇಲೆ ಕುಸಿದು ಕೂತರು.

ನಾನು ಮುಂದೆ ಹೋಗಿ, ಸ್ಪರ್ಧೆ, ಬಹುಮಾನ, ಎಂ.ಡಿ., ಹಾರ ಎಲ್ಲವನ್ನೂ ತೊದಲುತ್ತ ಹೇಳಿದೆ. ಪುಟ್ಟಸ್ವಾಮಯ್ಯ ಪೂರ್ತಿ ಕೇಳಿದರು. ಆಮೇಲೆ ಫೋಟೋ ಕಡೆ ಬೆರಳು ತೋರಿಸಿದರು.

"ಯಾರೋ ತೆಗ್ದಿದ್ದು ಇದನ್ನ?"

"ನಾನೇ ಸಾರ್" ಎಂದು ಗೋವಿಂದರಾಜು ನನ್ನ ಬೆನ್ನ ಹಿಂದಿನಿಂದ ಹೇಳಿದ.

"ನೋಡಿದ್ರೇನ್ರೋ? ಬಡ್ಕೊಂಡೆ, ಯಾರಾದ್ರೂ ಕೇಳಿದ್ರಾ? ಫೋಟೋ ತೆಗೆದ್ರೆ ಹೀಗೇ ಆಗೋದು. ಮನೇಲಿ ಕಷಾಯ ಕುಡೀತಾ ಕೂತಿದ್ದೋನು ಸತ್ತೇ ಹೋದೆ!"

ಇನ್ನು ಈ ಜನ್ಮದಲ್ಲಿ ಈ ಮನುಷ್ಯ ಕ್ಯಾಮೆರಾ ಮುಂದೆ ನಿಲ್ಲುವುದಿಲ್ಲ, ಗೌರಮ್ಮನವರ ಆಸೆಗೆ ನನ್ನ ಸ್ಪರ್ಧೆಯೇ ಕಲ್ಲು ಹಾಕಿತು ಎಂದು ನನಗೆ ದುಃಖವಾಯಿತು.

ಗೌರಮ್ಮ ಎದ್ದರು. ಚಿಕ್ಕಣ್ಣನ ಕೈಯಿಂದ ಫೋಟೋ ಕಿತ್ತುಕೊಂಡು, ಹಾರವನ್ನು ಹರಿದು ಮೋರಿಗೆ ಎಸೆದರು. ಸೆರಗಿನಿಂದ ಗಾಜು ಒರೆಸಿ ಬಹಳ ಹೊತ್ತು ನೋಡಿದರು.

"ಹಿಂಗೆ ಒಂದು ಕಣ್ಣು ಮುಚ್ಕೊಂಡು ಕೆಲ್ಸ ಮಾಡ್ತೀರಾ ನೀವು? ನಂಗೆ ಗೊತ್ತೇ ಇರ್ಲಿಲ್ಲ."

ಪುಟ್ಟಸ್ವಾಮಯ್ಯ ಕಷಾಯದ ಲೋಟ ನೋಡಿಕೊಂಡರು.

"ಈಗ ಬೀದೀಲಿ ಓಡಿಬಂದ್ನಲ್ಲ" ಎಂದು ಗೌರಮ್ಮ ಮುಂದುವರಿಸಿದರು. "ಓಡ್ತಾ ಓಡ್ತಾ ಏನ್ ಅಂದ್ಕೊಂಡೆ ಗೊತ್ತಾ? ಅಯ್ಯೋ, ಮುಖ ನೋಡ್ಕೊಳ್ಳೋಕೆ ನನ್ನ ಹತ್ರ ಒಂದು ಫೋಟೋನೂ ಇಲ್ವಲ್ಲಾ ಅಂತ. ಅದೊಂದೇ. ಬೇರೆ ಏನೂ ನೆನಪಾಗ್ಲಿಲ್ಲ."

ಸೆರಗಿಗೆ ಹಿಟ್ಟು ಮೆತ್ತಿಕೊಂಡು ನಿಂತ ಆ ಹೆಂಗಸಿನ ಮುಂದೆ ನಮ್ಮ ಫೋರ್‌ಮನ್ ತಲೆ ತಗ್ಗಿಸಿದ್ದನ್ನು ನಾನು ಅದೇ ಮೊದಲ ಸಲ ನೋಡಿದ್ದು.

"ಅದಲ್ಲ ಕಣೇ, ಆಯುಸ್ಸು..." ಎಂದು ಶುರು ಮಾಡಿದರು.

"ಊರಿಗೆಲ್ಲ ನೀವು ಹೋಗಿದ್ದಾಯ್ತು, ಮಡಕೇನೂ ಬಂದಾಯ್ತು. ಇನ್ನು ಯಾವ ಆಯುಸ್ಸು ಹೋಗ್ಬೇಕು?"

ಮಡಕೆಯವನು ಇನ್ನೂ ಎರಡು ಹೆಜ್ಜೆ ಹಿಂದೆ ಸರಿದ. ಆಗ ಚಿಕ್ಕಣ್ಣ ಬಾಯಿ ಬಿಟ್ಟ. ಮ್ಯಾನೇಜ್‌ಮೆಂಟಿನ ಜೊತೆ ಮಾತುಕತೆ ನಡೆಸಿ ಪಳಗಿದ ನಾಲಿಗೆ ಅವನದು.

"ಸಾರ್, ಸತ್ತ ಅಂತ ಸುಳ್ಳು ಸುದ್ದಿ ಹಬ್ಬಿದ್ರೆ ಆಯುಸ್ಸು ಜಾಸ್ತಿ ಆಗುತ್ತೆ ಅಂತಾರಲ್ವಾ? ಹೌದೋ ಅಲ್ವೋ ಹೇಳಿ."

"ಹೌದು. ಅದು ಎಲ್ರೂ ಹೇಳೋದೇ."

"ಇಡೀ ಸೆಕೆಂಡ್ ಶಿಫ್ಟು ನಂಬಿದೆ. ಸುತ್ತೋಲೆ ಬಂದಿದೆ. ಎಷ್ಟು ಜಾಸ್ತಿ ಆಗಿರ್ಬೇಕು ನೋಡಿ. ಅದ್ರಲ್ಲಿ ಒಂದು ಫೋಟೋಗೆ ಸ್ವಲ್ಪ ಹೋದ್ರೂ ಇನ್ನೂ ಉಳಿಯುತ್ತೆ ಸಾರ್ ನಿಮ್ಗೆ."

ಪುಟ್ಟಸ್ವಾಮಯ್ಯ ಒಂದು ಕಣ್ಣು ಮುಚ್ಚಿ ಯೋಚಿಸಿದರು. ಅಳತೆ ಸರಿಹೋಯಿತೆಂದು ಕಾಣುತ್ತದೆ, ಲೋಟ ಕೆಳಗಿಟ್ಟು ಒಳಗೆ ಹೋದರು. ಹೊರಗೆ ಬಂದಾಗ ಆಯುಧಪೂಜೆಗೆ ಕಂಪನಿಯವರು ಕೊಟ್ಟ ಬಿಳಿ ಶರ್ಟು ಮೈಮೇಲಿತ್ತು. ಮಂಕಿ ಕ್ಯಾಪು ತೆಗೆಯಲು ಮರೆತಿದ್ದರು, ಗೌರಮ್ಮ ತೆಗೆದರು. ಜಗುಲಿಯ ಮೇಲೆ ಎರಡು ಕುರ್ಚಿ ಹಾಕಿದೆವು. ಅವರು ತಮ್ಮ ಕುರ್ಚಿಯನ್ನು ಒಂದು ಮೊಳ ಆಚೆಗೆ ಎಳೆದುಕೊಂಡರು. "ಹತ್ರ ಹತ್ರ ಸಾರ್!" ಎಂದು ಇಡೀ ಶಿಫ್ಟು ಕೂಗಿತು. ಗೌರಮ್ಮನವರೇ ತಮ್ಮ ಕುರ್ಚಿಯನ್ನು ಎತ್ತಿ ಪಕ್ಕಕ್ಕೆ ತಂದಿಟ್ಟುಕೊಂಡು ಕೂತರು. ಬಹುಮಾನದ ಕ್ಯಾಮೆರಾ ಹಿಡಿದ ಗೋವಿಂದರಾಜುವಿನ ಕೈ ಥರಥರ ನಡುಗುತ್ತಿತ್ತು.

"ನೆಟ್ಟಗೆ ಹಿಡಿಯೋ" ಎಂದರು ಪುಟ್ಟಸ್ವಾಮಯ್ಯ. "ಅಲ್ಲಾಡಿದ್ರೆ ರಿಜೆಕ್ಟ್."

ಹೊಸ ಕ್ಯಾಮೆರಾದ ಮೊದಲ ಫೋಟೋ ಅದು.

ಹಾರ ಬಿದ್ದ ಫೋಟೋ ಮನೆಯಲ್ಲಿ ಇರಬಾರದು ಎಂದು ಗೌರಮ್ಮ ನನ್ನ ಕೈಗೇ ಕೊಟ್ಟರು. ವಾಪಸು ಬರುವಾಗ ನಾಯಂಡಹಳ್ಳಿ ಹತ್ತಿರ ವೃಷಭಾವತಿಯಲ್ಲಿ ಬಿಟ್ಟೆವು. ನೆಗೆಟಿವ್ವನ್ನೂ ತರಿಸಿಕೊಂಡು ಗೌರಮ್ಮ ಅಡಕತ್ತರಿಯಲ್ಲಿ ಕತ್ತರಿಸಿ ಹಾಕಿದರು. ನಮ್ಮ ಸ್ಪರ್ಧೆಯಲ್ಲಿ ಬಂದ ಅತ್ಯುತ್ತಮ ಫೋಟೋ ಹೀಗೆ ಚೂರಾಯಿತು.

ಮರುದಿನ ಅನಂತಸ್ವಾಮಿಯವರು ಹೊರಡಿಸಿದ ಸುತ್ತೋಲೆಯನ್ನು ಕಾರ್ಖಾನೆಯವರು ಬಹಳ ವರ್ಷ ಬಾಯಿಪಾಠ ಹೇಳುತ್ತಿದ್ದರು. "ಹಿಂದಿನ ಸುತ್ತೋಲೆಯಲ್ಲಿ ತಿಳಿಸಲಾದ ನಿಧನವನ್ನು ಈ ಮೂಲಕ ರದ್ದುಪಡಿಸಲಾಗಿದೆ." ಮುಂದಿನ ವರ್ಷದ ನಿಯಮಗಳಲ್ಲಿ, ಬಹುಮಾನಿತ ಛಾಯಾಚಿತ್ರಗಳಿಗೆ ಹಾರ ಹಾಕತಕ್ಕದ್ದಲ್ಲ ಅನ್ನುವುದು ಸೇರಿತು. ಜ್ವರ ಬಿಟ್ಟು ಬಂದ ಪುಟ್ಟಸ್ವಾಮಯ್ಯ, ತಮ್ಮ ಸಾವಿಗೆ ಹಾಳಾದ ಶಿಫ್ಟನ್ನು ಒಂದು ಭಾನುವಾರ ಎಲ್ಲರಿಂದಲೂ ದುಡಿಸಿಕೊಂಡರು. ಅವರು ಬದುಕಿದ್ದು ನಮ್ಮ ತಪ್ಪಾ ಎಂದು ಸಂಘದವರು ಗೊಣಗಿದರು, ಆದರೂ ಬಂದರು.

ಆಮೇಲೆ ಕಲರ್ ರೀಲು ಬಂತು, ಕ್ಯಾಮೆರಾಗಳು ಅಗ್ಗವಾದವು, ಸ್ಪರ್ಧೆಗೆ ಮೂಟೆಗಟ್ಟಲೆ ಫೋಟೋ ಬರತೊಡಗಿದವು. ಗುಲಾಬಿಗಳಿಗೆ ಕೆಂಪು ಬಣ್ಣ ಬಂದಿತ್ತು, ಅಷ್ಟೇ ವ್ಯತ್ಯಾಸ. ಈಗ ಎದುರು ಮನೆಯ ಹುಡುಗಿ ಮಧ್ಯಾಹ್ನದ ಊಟದ ತಟ್ಟೆಯನ್ನೂ ಫೋಟೋ ತೆಗೆಯುತ್ತಾಳೆ. ತೆಗೀಲಿ ಬಿಡಿ.

ಪುಟ್ಟಸ್ವಾಮಯ್ಯ ನಿವೃತ್ತರಾದ ಮೇಲೂ ಬಹಳ ಕಾಲ ಗಟ್ಟಿಯಾಗಿದ್ದರು. ಚಿಕ್ಕಣ್ಣನ ಲೆಕ್ಕ ಸರಿಯಾಗಿಯೇ ಇತ್ತು. ಕೊನೆಗೊಂದು ದಿನ ನಿಜವಾದ ಸುದ್ದಿ ಬಂದಾಗ ನಮ್ಮ ಹಳಬರು ಯಾರೂ ನಂಬಲಿಲ್ಲ, ಮೊದಲು ಹೋಗಿ ನೋಡ್ಕೊಂಡ್ ಬನ್ನಿ ಎಂದು ನನ್ನನ್ನು ಕಳಿಸಿದರು. ನೋಡಿದೆ. ಈ ಸಲ ಜಗುಲಿಗೆ ಯಾರೂ ಎದ್ದು ಬರಲಿಲ್ಲ. ಇಷ್ಟು ವರ್ಷ ತಮಾಷೆ ಮಾಡಿಕೊಂಡೇ ಬಂದವನಿಗೆ ಆವತ್ತು ಬಹಳ ಅಳು ಬಂತು.

ವೈಕುಂಠ ಸಮಾರಾಧನೆ ಮುಗಿದು ಸ್ವಲ್ಪ ದಿನದ ಮೇಲೆ ಗೌರಮ್ಮನವರನ್ನು ಮಾತಾಡಿಸಲು ಹೋದೆ. ಮಗಳು, ಮೊಮ್ಮಕ್ಕಳಿಂದ ಮನೆ ತುಂಬಿತ್ತು. ನಡುಮನೆಯ ಗೋಡೆಯ ಮೇಲೆ ಅದೇ ಫೋಟೋ. ಒಂದು ಕುರ್ಚಿ ಇನ್ನೊಂದಕ್ಕೆ ಅಂಟಿಕೊಂಡಿದೆ. ಪುಟ್ಟಸ್ವಾಮಯ್ಯ ಕ್ಯಾಮೆರಾವನ್ನು ಗದರಿಸುವ ಹಾಗೆ ನೋಡುತ್ತಿದ್ದಾರೆ, ಗೌರಮ್ಮನವರ ಸೆರಗಿನ ಮೇಲೆ ಹಿಟ್ಟಿನ ಕಲೆ. ಫೋಟೋಗೆ ಹಾರ ಇರಲಿಲ್ಲ. ಹೇಗೆ ಹಾಕುತ್ತಾರೆ? ಪಕ್ಕದಲ್ಲಿ ಕೂತಿರುವ ಹೆಂಡತಿ ಬದುಕಿದ್ದಾರೆ. ಅದು ಬಿಟ್ಟರೆ ಪುಟ್ಟಸ್ವಾಮಯ್ಯನವರದು ಬೇರೆ ಫೋಟೋವೇ ಇಲ್ಲ.

"ಸ್ಟುಡಿಯೋದಲ್ಲಿ ಅವರೊಬ್ಬರದ್ದೇ ಬೇರೆ ಮಾಡ್ಕೊಡ್ತಾರಮ್ಮಾ, ನಾನು ಮಾಡಿಸ್ಕೊಂಡು ಬರ್ಲಾ? ಹಾರ ಹಾಕ್ಬಹುದು" ಎಂದೆ.

ಗೌರಮ್ಮ ಫೋಟೋ ಕಡೆ ನೋಡಿದರು.

"ಬೇಡ ಸಾರ್. ಅವರಿಗೆ ಹಾರ ಒಂದ್ಸಲ ಆಗಿದೆಯಲ್ಲ. ಇನ್ನೊಂದಕ್ಕೆ ನಾನು ಬರೋವರ್ಗೂ ಕಾಯ್ಲಿ."